ಮಾವನ ಕಾರಿಗೊಂದು ಬಾಲ

ನಮ್ಮ ಸೋದರಮಾವನಿಗೆ ಕಾರು ಓಡಿಸಲು ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಖಂಡಿತ ಒಪ್ಪುವುದಿಲ್ಲ. ಮುಂದಕ್ಕೆ ಚೆನ್ನಾಗಿಯೇ ಓಡಿಸುತ್ತಾರೆ! ಹಿಂದಕ್ಕೆ ಮಾತ್ರ ದೇವರೇ ಗತಿ. ಇಂಥವರು ಹೋದ ಡಿಸೆಂಬರಿನಲ್ಲಿ ತಮ್ಮ ಹಳೇ ಕಾರಿನ ಹಿಂದೆ ಒಂದು ಟ್ರೈಲರನ್ನೂ ಕಟ್ಟಿಕೊಂಡರು ಎಂದರೆ, ಚಂದ್ರಾ ಲೇಔಟಿನ ಜನ ಏನು ಪಾಪ ಮಾಡಿದ್ದರೋ!

ಶುರುವಾದದ್ದು ಮೊಬೈಲಿನಿಂದ. ಫ್ಯಾಕ್ಟರಿಯಿಂದ ನಿವೃತ್ತರಾದ ಮೇಲೆ ಮಾವ ಹಗಲೆಲ್ಲ ವಿಡಿಯೊ ನೋಡುತ್ತಿದ್ದರು. ಯಾರೋ ವಿದೇಶದವರು ಕಾರಿಗೆ ಟ್ರೈಲರ್ ತಗುಲಿಸಿಕೊಂಡು ಕಾಡಿಗೆ ಹೋಗಿ, ಟೆಂಟು ಹಾಕಿ, ಕಾಫಿ ಕಾಯಿಸಿ ಕುಡಿಯುವುದನ್ನು ಕಂಡರು. ಅಷ್ಟೇ! ಹೆಗ್ಗನಹಳ್ಳಿಯ ವೆಲ್ಡಿಂಗ್ ಅಂಗಡಿಯಲ್ಲಿ ಮೂರು ವಾರ ಠಿಕಾಣಿ ಹೂಡಿ, ಮಂಚಕ್ಕೆ ಚಕ್ರ ಬಂದಂತೆ ಕಾಣುವ ಒಂದು ವಸ್ತುವನ್ನು ಮಾಡಿಸಿಕೊಂಡು ಬಂದರು. ಹೋಗಬೇಕಾದದ್ದು ಮಾಗಡಿಯಾಚೆ, ಕಾಡಿನಂಚಿನಲ್ಲಿದ್ದ ಗೆಳೆಯರ ಮಾವಿನ ತೋಪಿಗೆ.

"ಪ್ರಕೃತಿ ಜೊತೆ ಬೆರೀಬೇಕು ಕಣೇ. ಏನೂ ಇಲ್ದೇ ಬದುಕೋದು ಕಲೀಬೇಕು" ಎಂದರು ನನಗೆ.

ಎರಡು ದಿನ ಏನೂ ಇಲ್ಲದೆ ಬದುಕುವುದಕ್ಕಾಗಿ ಅವರು ಟ್ರೈಲರಿಗೆ ತುಂಬಿದ್ದು ಗ್ಯಾಸ್ ಸ್ಟವ್, ಎರಡು ಕುಕ್ಕರ್, ಇಡ್ಲಿ ಪಾತ್ರೆ, ಮಿಕ್ಸಿ, ಮಿಕ್ಸಿ ತಿರುಗಲು ಯುಪಿಎಸ್ ಬ್ಯಾಟರಿ, ನಾಲ್ಕು ಪ್ಲಾಸ್ಟಿಕ್ ಕುರ್ಚಿ ಮತ್ತು ಇಸ್ತ್ರಿ ಪೆಟ್ಟಿಗೆ.

"ಇಸ್ತ್ರಿ ಪೆಟ್ಟಿಗೆ ಯಾಕೆ ಮಾವ?"

"ಕಾಡು ಅಂದ ತಕ್ಷಣ ಮುದುರಿದ ಬಟ್ಟೇಲಿ ಓಡಾಡಕ್ಕಾಗುತ್ತಾ?"

ಆ ವರ್ಷವೆಲ್ಲ ಕಾಯಿಲೆಯಲ್ಲಿ ಸೊರಗಿದ್ದ ಅತ್ತೆ ತಲೆಯ ಸ್ಕಾರ್ಫನ್ನು ಬಿಗಿದುಕೊಂಡು ಹಿಂದಿನ ಸೀಟಿನಲ್ಲಿ ಕೂತರು. ನಾನು ಮುಂದೆ ಕೂತೆ.

ಮನೆಯ ಓಣಿಯಿಂದ ಕಾರನ್ನು ಹಿಮ್ಮುಖವಾಗಿಯೇ ಹೊರಗೆ ತರಬೇಕು. ಟ್ರೈಲರಿನ ಸ್ವಭಾವ ಆಗ ತಿಳಿಯಿತು. ಮಾವ ಎಡಕ್ಕೆ ತಿರುಗಿಸಿದರೆ ಅದು ಬಲಕ್ಕೆ, ಬಲಕ್ಕೆ ಅಂದರೆ ಎಡಕ್ಕೆ! ಎದುರು ಮನೆಯವರು ಗೇಟಿನಿಂದಲೇ ಕೂಗಿದರು: "ಸಾರ್, ರೈಟ್ ತಗೊಳ್ಳಿ!"

"ರೈಟೇ ತಗೊಂಡಿದೀನಿ ಕಣ್ರೀ, ಅದು ತಗೋತಿಲ್ಲ!"

ಕೊನೆಗೆ ಕೊಂಡಿ ಬಿಚ್ಚಿ, ಬೀದಿಯವರೆಲ್ಲ ಸೇರಿ ಅದನ್ನು ಕೈಯಲ್ಲೇ ತಳ್ಳಿಕೊಂಡು ಮುಖ್ಯರಸ್ತೆಗೆ ತಂದು, ಮತ್ತೆ ಕಾರಿಗೆ ತಗುಲಿಸಿಕೊಟ್ಟರು.

ಸುಂಕದಕಟ್ಟೆಯ ಸಿಗ್ನಲ್ಲಿನಲ್ಲಿ ನಿಂತಾಗ ಸ್ಕೂಟರಿನವರೊಬ್ಬರು ಟ್ರೈಲರಿಗೆ ಹೊದಿಸಿದ್ದ ಟಾರ್ಪಾಲಿನ ಮೂಲೆ ಎತ್ತಿ ಇಡ್ಲಿ ಪಾತ್ರೆ ನೋಡಿದರು. ಕಿಟಕಿಯ ಹತ್ತಿರ ಬಂದು, "ಅಣ್ಣ, ಎರಡು ಇಡ್ಲಿ, ಒಂದು ವಡೆ, ಪಾರ್ಸಲ್" ಎಂದರು.

ಮಾವ ಕೆಂಡವಾದರು. "ರೀ, ನಾವು ಕ್ಯಾಂಪಿಂಗ್ ಹೋಗ್ತಾ ಇದೀವಿ!"

"ಹೌದಾ? ಅಲ್ಲಿ ಎಷ್ಟೊತ್ತಿಗೆ ಓಪನ್ ಸಾರ್?"

ಮಾಗಡಿ ದಾಟಿ ಏರು ಬಂತು. ಮೊದಲು ಬಾನೆಟ್ಟಿನಿಂದ ಹಬೆ ಬಂತು, ಆಮೇಲೆ ಸುಟ್ಟ ವಾಸನೆ. ಕಾರು ನಿಂತೇ ಹೋಯಿತು. "ಅದಕ್ಕೇನೂ ಆಗಿಲ್ಲ, ಸ್ವಲ್ಪ ಸುಧಾರಿಸ್ಕೊಳ್ತಿದೆ" ಎಂದು ಮಾವ ಅದರ ಪರ ವಾದಿಸಿದರು. ಎಂಜಿನ್ ಆರಿದ ಮೇಲೆ, ಕುಡಿಯಲು ತಂದಿದ್ದ ನೀರೆಲ್ಲ ರೇಡಿಯೇಟರಿನ ಪಾಲಾಯಿತು. ಕಾರಿಗೆ ಜೀವ ಬಂತು, ನಮಗೆ ಗಂಟಲು ಒಣಗಿತು.

ಅಂತೂ ಏರು ಹತ್ತಿ ಇಳಿಜಾರಿಗೆ ಬಂದೆವು. ಗುಂಡಿಯೊಂದರಲ್ಲಿ ಕಾರು ಧಡ್ ಎಂದು ಹಾರಿತು. ಆಮೇಲೆ ಅದು ಎಷ್ಟು ಹಗುರಾಗಿ ಓಡತೊಡಗಿತೆಂದರೆ ಮಾವನ ಮುಖ ಅರಳಿತು. "ನೋಡ್ದಾ? ಎಂಜಿನ್ ಸೆಟ್ ಆಯ್ತು!"

ಬಲಗಡೆ ಏನೋ ಗಡಗಡ ಸದ್ದು. "ಮಾವ, ಯಾವುದೋ ಗಾಡಿ ಓವರ್‌ಟೇಕ್ ಮಾಡ್ತಿದೆ."

"ಹೋಗ್ಲಿ ಬಿಡೇ. ಜನಕ್ಕೆ ಅದೇನು ಅವಸರವೋ!"

ಆ ಗಾಡಿಗೆ ಡ್ರೈವರ್ ಇರಲಿಲ್ಲ. ಕಾರೂ ಇರಲಿಲ್ಲ! ನಮ್ಮದೇ ಟ್ರೈಲರು ನಮ್ಮನ್ನು ಹಿಂದೆ ಹಾಕಿ, ರಸ್ತೆ ಬಿಟ್ಟು, ಕೊಯ್ಲಾದ ರಾಗಿ ಹೊಲಕ್ಕೆ ನುಗ್ಗಿ, ಹುಲ್ಲಿನ ಮೆದೆಗೆ ಮೂತಿ ತೂರಿಸಿ ನಿಂತಿತು. ಪುಣ್ಯಕ್ಕೆ ಹತ್ತಿರದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಕಾರು ಬದಿಗೆ ಹಾಕಿ ಮೂವರೂ ಹೊಲಕ್ಕೆ ಇಳಿದೆವು. ಅಷ್ಟರಲ್ಲಿ ಹೊಲದ ಒಡತಿ ಓಡಿ ಬಂದರು. "ಯಾರ್ರೀ ಇದನ್ನ ಇಲ್ಲಿ ನಿಲ್ಸಿದ್ದು?"

"ನಾನು ನಿಲ್ಸಿಲ್ಲಮ್ಮ" ಎಂದರು ಮಾವ ವಿನಯದಿಂದ. "ಅದೇ ನಿಂತ್ಕೊಂಡಿದ್ದು."

ಒಡತಿ ಟಾರ್ಪಾಲು ಸರಿಸಿ ಒಳಗೆ ನೋಡಿ, ಕೋಪ ಮರೆತು, ಅತ್ತೆಯ ಕಡೆ ತಿರುಗಿ ಕನಿಕರದಿಂದ ಕೇಳಿದರು: "ಯಾಕ್ ತಾಯಿ, ಓನರ್ರು ಮನೆ ಖಾಲಿ ಮಾಡ್ಸಿದ್ರಾ?"

ಅತ್ತೆ ನಕ್ಕರು. ಮೊದಲು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ಆಮೇಲೆ ತಡೆಯಲಾರದೆ ಬದುವಿನ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು. ಹಾಗೆ ಬಗ್ಗಿ ನಗುವಾಗ ತಲೆಗೆ ಕಟ್ಟಿದ್ದ ಸ್ಕಾರ್ಫ್ ಜಾರಿ ಬಿತ್ತು.

ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಕೂದಲು ಹೋದಾಗಿನಿಂದ ಅತ್ತೆ ಅದನ್ನು ಯಾರೆದುರಿಗೂ ತೆಗೆದವರಲ್ಲ, ಮಾವನೆದುರಿಗೂ. ನಾನು ಎತ್ತಿಕೊಡಲು ಬಗ್ಗಿದೆ. ಮಾವ ನನ್ನ ಕೈ ಹಿಡಿದು ತಡೆದರು.

ಅತ್ತೆ ಹೊಸದಾಗಿ ಚಿಗುರಿದ್ದ ಗಿಡ್ಡ ಕೂದಲ ಮೇಲೆ ಅಂಗೈ ಆಡಿಸಿಕೊಂಡರು. ಸ್ಕಾರ್ಫಿಗಾಗಿ ಹುಡುಕಲಿಲ್ಲ. "ರೀ, ಗಾಳಿ ಎಷ್ಟು ಚೆನ್ನಾಗಿದೆ ಅಲ್ವಾ?"

ಮಾವ ತಲೆಯಾಡಿಸಿದರು. ತುಂಡಾದ ಕೊಂಡಿಯನ್ನು ತಿರುಗಿಯೂ ನೋಡದೆ, ಟ್ರೈಲರಿನಿಂದ ಒಂದು ಕುರ್ಚಿ ಎಳೆದು ತಂದು ಅತ್ತೆಯ ಪಕ್ಕದಲ್ಲಿ ಹಾಕಿದರು.

"ಇವತ್ತು ಇಲ್ಲೇ ಇರೋಣ ಕಣೇ" ಎಂದರು ನನಗೆ. ಇನ್ನೆರಡು ಕುರ್ಚಿ ತರಲು ಹೊರಟರು.