ಅತ್ತೆಯ ಮೂರು ಕಿಲೋ

ಆ ದಿನವೂ ತಾಂಡೂರಿನ ನಮ್ಮ ಮನೆಯಲ್ಲಿ ಬೆಳಗು ಎಂದಿನಂತೆಯೇ ಆಯಿತು. ಅಂಗಳದ ಹಾಸುಗಲ್ಲಿಗೆ ನೀರು ಹಾಕಿದೆ, ಹಾಲು ಕಾಯಿಸಿದೆ. ಅತ್ತೆ ಲಿಂಗಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡು ಬಂದರು. ಉಳಿದದ್ದು ತೂಕವೊಂದೇ.

ಅತ್ತೆಯ ಹೃದಯಕ್ಕೆ ರಕ್ತ ನೂಕುವ ಬಲ ಕುಗ್ಗಿತ್ತು. ಮೈಯಲ್ಲಿ ನೀರು ನಿಲ್ಲುತ್ತಿತ್ತು. ದವಾಖಾನೆಯಲ್ಲಿ ಔಷಧಿ ಕೊಡುವ ಕಿಟಕಿಯ ಸಂಗೀತಾ ಮೇಡಂ ತಾಕೀತು ಮಾಡಿದ್ದರು: "ದಿನಾ ಮುಂಜಾನೆ ತೂಕ ನೋಡ್ರಿ. ಮೂರು ದಿನದಾಗ ಎರಡು ಕಿಲೋ ಏರಿದ್ರ ನಮಗ ತಿಳಸ್ರಿ. ನೀವಾಗೇ ಗುಳಿಗಿ ಹೆಚ್ಚು ಕಮ್ಮಿ ಮಾಡಬ್ಯಾಡ್ರಿ."

ತೊಗರಿ ತೂಗುವ ಕಾಟಾ ಮನೆಯಲ್ಲೇ ಇತ್ತು. ಅದರ ಮೇಲೆ ನಿಲ್ಲಲು ಅತ್ತೆಗೆ ಭಯ, ಸ್ಟೂಲಿಟ್ಟು ಕೂರುತ್ತಿದ್ದರು. ಯಜಮಾನರು ತೂಗಿ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದರು. ಅವರೋ ಹಿಂದಿನ ದಿನ ತೂಕ ಬರೆದಿಟ್ಟು ತೊಗರಿ ಖರೀದಿಗೆಂದು ನಾರಾಯಣಖೇಡಕ್ಕೆ ಹೋಗಿ, ತೆಲಂಗಾಣ ಬಂದ್ ಆಗಿ, ಬಸ್ಸಿಲ್ಲದೆ ಅಲ್ಲೇ ಸಿಕ್ಕಿಕೊಂಡಿದ್ದರು. ತೂಗುವ ಕೆಲಸ ನನ್ನ ಪಾಲಿಗೆ ಬಂತು. ಅದರಲ್ಲೇನು ಮಹಾ! ಕಾನ್ವೆಂಟಿನಲ್ಲಿ ಓದಿದವಳಿಗೆ ಅಂಕಿ ಓದಲು ಬಾರದೇ?

ಓದಿದೆ. ನಿನ್ನೆ ಐವತ್ತೆರಡು. ಇವತ್ತು ಐವತ್ತೈದು!

ಅತ್ತೆಯ ಪಾದ ಒತ್ತಿ ನೋಡಿದೆ. ಬಾವು ಇರಲಿಲ್ಲ. ಉಸಿರೂ ಸರಿಯಾಗೇ ಇತ್ತು. ಆದರೂ ಕಣ್ಣ ಮುಂದೆ ಆ ಐವತ್ತೈದೇ ಕುಣಿಯುತ್ತಿತ್ತು. ದವಾಖಾನೆಗೆ ಫೋನು ಹತ್ತಲಿಲ್ಲ. ಆಗ ಮನೆಯ ತಾತ್ಕಾಲಿಕ ಮುಖ್ಯ ವೈದ್ಯಾಧಿಕಾರಿಯಾದ ನಾನು ನಿರ್ಣಯ ಕೈಗೊಂಡೆ: ನೀರು ಇಳಿಸುವ ಗುಳಿಗೆ ಒಂದರ ಬದಲು ಮೂರು!

"ಇಷ್ಟ್ಯಾಕ ಯವ್ವಾ?"

"ಸುಮ್ನ ನುಂಗ್ರಿ ಅತ್ತಿ."

ಅತ್ತೆ ಬಚ್ಚಲಿಗೆ ಆರು ಸಲ ಹೋಗಿಬಂದರು. ಏಳನೆಯ ಸಲ ಬಾಗಿಲ ಚೌಕಟ್ಟು ಹಿಡಿದು, "ಮನಿ ತಿರಗಾಕತ್ಯಾದ" ಎಂದು ಕುಸಿದು ಕೂತರು. ತುಟಿ ಒಣಗಿತ್ತು. ಹಣೆಯ ವಿಭೂತಿ ಬೆವರಿನೊಡನೆ ಇಳಿಯುತ್ತಿತ್ತು. ಕೊಂದೇಬಿಟ್ಟೆನೇನೋ ಎಂದು ಪಕ್ಕದ ಮನೆಗೆ ಓಡಿದೆ.

ಅಲ್ಲಿಯ ನಾಗಮ್ಮ, ಬಂದ್ ಎಂದು ಹಿಂಜರಿದ ಗಂಡನನ್ನು ಗದರಿಸಿ ಅವನ ಆಟೋ ಹೊರಡಿಸಿದಳು. ಚೌಕದಲ್ಲಿ ಪ್ರತ್ಯೇಕ ರಾಜ್ಯದ ಚಳವಳಿಯವರು ದಾರಿ ತಡೆಯಲೆಂದು ರಸ್ತೆಯ ನಡುವೆಯೇ ಒಲೆ ಹೂಡಿ ಅನ್ನ ಬೇಯಿಸುತ್ತಿದ್ದರು. ಅತ್ತೆಯ ಮುಖ ನೋಡಿದ್ದೇ ಅನ್ನದ ಪಾತ್ರೆ ಪಕ್ಕಕ್ಕೆ ಸರಿಸಿ ದಾರಿ ಬಿಟ್ಟರು. "ಜೈ ತೆಲಂಗಾಣ ಅನ್ರಿ ಅಮ್ಮಾ!" ಎಂದನೊಬ್ಬ. ಹೆದರಿಕೆಯಲ್ಲಿ ಶಾಲೆಯ ಪ್ರಾರ್ಥನೆಯಂತೆ ಕಣ್ಣುಮುಚ್ಚಿ ಕೈಮುಗಿದು "ಜೈ ತೆಲಂಗಾಣ" ಎಂದೆ. ಕೊನೆಗೆ "ಆಮೆನ್" ಕೂಡ!

ಡಾಕ್ಟರರಿಗೆ ಮೂರು ಕಿಲೋ ಏರಿದ್ದನ್ನು ಹೇಳಿದೆ. ಮೂರು ಗುಳಿಗೆಯ ಮಾತನ್ನು ಮಾತ್ರ ನಾಚಿಕೆಯಿಂದ ಮುಚ್ಚಿಟ್ಟೆ. ಬಿ.ಪಿ. ಬಹಳ ಇಳಿದಿತ್ತು. "ಮೈಯಾಗ ನೀರು ತುಂಬ್ಯಾದೇನೋ" ಎಂದು ಅವರು ನೀರು ಇಳಿಸುವ ಇಂಜೆಕ್ಷನ್ ಬರೆಯಲು ಪೆನ್ನು ತೆಗೆದರು. ಅಷ್ಟರಲ್ಲಿ ಸಂಗೀತಾ ಮೇಡಂ ಬಂದು, ನನ್ನ ಚೀಲದ ಗುಳಿಗೆಗಳನ್ನೆಲ್ಲ ಮೇಜಿನ ಮೇಲೆ ಸುರಿದು ಎಣಿಸಿದರು.

"ಈ ಹತ್ತು ಗುಳಿಗಿ ಹಾಳಿ ಮೊನ್ನೆ ನಾನೇ ಕೊಟ್ಟೀನಿ. ಇವತ್ತಿಗೆ ಏಳು ಉಳೀಬೇಕು. ಐದೇ ಅದಾವ. ಇನ್ನೆರಡು?"

"ನಮ್ಮ ಮನ್ಯಾಗ ಇಲಿ ಭಾಳ…"

"ಹಾಳಿ ಹರೀದಂಗ ಒತ್ತಿ ತಗೀತದೇನ್ರಿ ಇಲಿ?"

ಮಂಚದ ಮೇಲಿಂದ ಕ್ಷೀಣವಾಗಿ ದನಿ ಬಂತು: "ಇಲಿ ಅಲ್ರಿ. ಸೊಸಿ."

ಮೇಡಂ ಬೈಯಲಿಲ್ಲ. "ತೂಕ ಹ್ಯಾಂಗ ನೋಡಿದ್ರಿ?" ಎಂದರು.

"ಸ್ಟೂಲಿನ ಮ್ಯಾಲ ಕುಂದ್ರಿಸಿ."

"ಸ್ಟೂಲಿನ ತೂಕ ಕಳದ್ರಿ?"

ಅತ್ತೆಯೇ ಉತ್ತರಿಸಿದರು: "ನನ್ನ ಮಗ ತೊಗರಿ ತೂಗಿ ಚೀಲದ ತೂಕ ತಗದಂಗ, ದಿನಾ ಸ್ಟೂಲಿಂದು ಮೂರು ಕಿಲೋ ತಗೀತಾನ್ರಿ."

"ಮೊದಲ್ಯಾಕ ಹೇಳ್ಲಿಲ್ಲತ್ತಿ?"

"ಕಾನ್ವೆಂಟಿನಾಗ ಕಲಿಸಿರಬೇಕಂತ ತಿಳಿದೆ."

"ಸರ್, ಇಂಜೆಕ್ಷನ್ ಬ್ಯಾಡ್ರಿ. ನೀರು ತುಂಬಿಲ್ಲ, ಇಳದದ" ಎಂದರು ಮೇಡಂ. ಡಾಕ್ಟರರು ಪೆನ್ನು ಮುಚ್ಚಿದರು. ಆ ಪೆನ್ನು ಬರೆದಿದ್ದರೆ! ರಕ್ತ ಪರೀಕ್ಷೆ ಮಾಡಿಸಿ, ಬಿ.ಪಿ. ಸರಿಹೋಗುವವರೆಗೆ ಅತ್ತೆಯನ್ನು ಅಲ್ಲೇ ಮಲಗಿಸಿದರು. ನನ್ನ ಕೈಗೆ ಮೇಡಂ ಒಂದು ಚೀಟಿ ಕೊಟ್ಟರು. ಅದರಲ್ಲಿ ಗುಳಿಗೆಯ ಹೊತ್ತು, ಕಿಟಕಿಯ ಫೋನ್ ನಂಬರು, ಕೆಳಗೆ ಕೆಂಪಕ್ಷರದಲ್ಲಿ: ಬರೇ ಅತ್ತೆಯನ್ನು ತೂಗುವುದು!

ಸಂಜೆ ಮನೆಗೆ ಬಂದು ಅತ್ತೆ ಗಂಜಿ ಕುಡಿಯುವಾಗ ನಾಗಮ್ಮ ಬಂದಳು. ಗಂಡನಿಂದ ಎಲ್ಲ ಕೇಳಿಯಾಗಿತ್ತು.

"ನಮ್ಮ ಮಾವಗೂ ನಾಳಿಂದ ಬಿ.ಪಿ. ಗುಳಿಗಿ ಶುರು ಅಕ್ಕಾ. ಓದಿದೋರು ಅಂತ ನಿಮ್ಮ ಕೈಲೇ ಕೊಡಸಬೇಕಂತ ಮಾಡಿದ್ದೆ," ಎಂದು ಸೆರಗು ಸರಿಮಾಡಿಕೊಂಡು ಎದ್ದಳು. "ಬ್ಯಾಡ ಬಿಡ್ರಿ. ಮುದುಕ ಇನ್ನೊಂದೀಟು ದಿನ ಇರ್ಲಿ."