ದಸರಾ ಗೊಂಬೆಗಳ ನಡುವೆ ಐರ್ಲೆಂಡಿನ ಸಂತೆಯೂರು

ಐರ್ಲೆಂಡಿನ ಒಂದು ಸಂತೆಯೂರಿನ ಆದಿಕಾಲದ ಚರಿತ್ರೆಯನ್ನು, ಆ ದೇಶಕ್ಕೆ ಒಮ್ಮೆಯೂ ಕಾಲಿಡದೆ ಅರೆದು ಕುಡಿದಿರುವ ಮೈಸೂರಿನವನು ಭೂಮಿಯ ಮೇಲೆ ಒಬ್ಬನೇ ಇದ್ದಾನೆ. ಅವನು ನನ್ನ ತಮ್ಮನಾಗಿಯೇ ಹುಟ್ಟಿದ್ದು ಯಾರ ಪೂರ್ವಜನ್ಮದ ಫಲವೋ ನಾನು ಹೇಳಲಾರೆ.

ಅಮೆರಿಕದ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ಅವನ ಪಕ್ಕದ ಮನೆಯ ಮುದುಕರೊಬ್ಬರು ಆ ಊರಿನಲ್ಲಿ ಹುಟ್ಟಿದವರು. ಇನ್ನೊಮ್ಮೆ ಊರು ನೋಡಬೇಕೆಂಬ ಆಸೆ ಅವರಿಗೆ. ವಿಮಾನ ಹತ್ತಲೇಬಾರದೆಂದು ಡಾಕ್ಟರ ಕಟ್ಟಪ್ಪಣೆ. ದಸರೆ ಕಳೆದ ಕೂಡಲೇ ಅವರು ದೂರದ ಶಾಮ್‌ಬರ್ಗ್‌ನ ಮಗಳ ಮನೆಗೆ ಹೋಗಿ ನೆಲೆಸುವವರು.

"ಅಷ್ಟರೊಳಗೆ ಅವರೂರನ್ನ ಇಲ್ಲೇ ಕಟ್ಟಿ ತೋರಿಸ್ತೀನಿ, ಅಕ್ಕ," ಎಂದ. ಜೀವಮಾನವೆಲ್ಲ ಕಾರಿನ ಬಿಡಿಭಾಗ ವಿನ್ಯಾಸ ಮಾಡಿದವನಿಗೆ ಒಂದು ಊರು ಯಾವ ಲೆಕ್ಕ?

ಅಂದಿನಿಂದ ಅವನ ಬಾಯಲ್ಲಿ ಬೇರೆ ಮಾತಿಲ್ಲ. ವರಮಹಾಲಕ್ಷ್ಮಿ ಹಬ್ಬಕ್ಕೆ ಬರುತ್ತಿದ್ದ ಹುಡುಗಿಯೊಬ್ಬಳು ಹೆದ್ದಾರಿಯಲ್ಲಿ ದಾರಿ ತಪ್ಪಿ ಅವನಿಗೆ ಫೋನ್ ಮಾಡಿದಳು.

"ಅಂಕಲ್, ಯಾವ ಎಕ್ಸಿಟ್ ತಗೋಬೇಕು?"

"ಎಕ್ಸಿಟ್ ಇರ್ಲಮ್ಮ. ಊರು ಎಲ್ಲಿ ಹುಟ್ಟುತ್ತೆ ಹೇಳು? ಹೊಳೆ ಮೊಣಕಾಲುದ್ದ ಇರೋ ಕಡೆ. ಜನ ದಾಟ್ತಾರೆ, ದನ ದಾಟುತ್ತೆ. ಆಮೇಲೆ ಮಠ, ಆಮೇಲೆ ಕೋಟೆ, ಕೋಟೆ ಬಾಗಿಲಲ್ಲಿ ಸಂತೆ."

ಸಂತೆ ಬರುವಷ್ಟರಲ್ಲಿ ಅವಳು ಪಕ್ಕದ ರಾಜ್ಯ ಒಹಾಯೋ ತಲುಪಿದ್ದಳು. ನನ್ನ ಹದಿನಾಲ್ಕು ಹೋಳಿಗೆ ಆರಿದವು. ಅವನ್ನು ಮೈಕ್ರೋವೇವಿನಲ್ಲಿ ಬಿಸಿ ಮಾಡಿ ಬಡಿಸಿದ ಅವಮಾನವನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಅಲ್ಲೇ ಹತ್ತಿರದ ಪ್ಲಿಮತ್‌ನ ನನ್ನ ಮನೆ ಚಿಕ್ಕದು. ಹಾಗಾಗಿ ನಾನು ಪ್ರತಿವರ್ಷ ದಸರಾ ಗೊಂಬೆ ಕೂರಿಸುವುದು ಅವನ ಬೇಸ್‌ಮೆಂಟಿನಲ್ಲಿ. ಪಾಡ್ಯದ ಬೆಳಿಗ್ಗೆ ಇಳಿದು ನೋಡಿದರೆ ಒಂಬತ್ತು ಮೆಟ್ಟಿಲೂ ಪರಕೀಯರ ಪಾಲಾಗಿದ್ದವು. ರಾಗಿ ಮೊಳಕೆ ಐರ್ಲೆಂಡಿನ ಹುಲ್ಲುಗಾವಲಾಗಿತ್ತು. ಕಾಫಿಯ ಚರಟ ಅಲ್ಲಿನ ಕಪ್ಪು ಜೌಗುನೆಲವಾಗಿತ್ತು. ನಡುವೆ ಹೊಳೆ, ಸೇತುವೆ, ಗುಡ್ಡದ ಮೇಲೆ ದುಂಡನೆಯ ಮಣ್ಣಿನ ಕೋಟೆ, ಅದರ ಕೆಳಗೆ ಆಮೇಲೆ ದಂಡೆತ್ತಿ ಬಂದ ನಾರ್ಮನ್ನರ ಕಲ್ಲಿನ ಕೋಟೆ.

"ಏನೋ ಇದು? ಅಮ್ಮ ನನ್ನ ಮದುವೇಲಿ ಕೊಟ್ಟ ಪಟ್ಟದ ಗೊಂಬೆಗಳು ಕಣೋ."

"ರಾಜ ರಾಣಿ ಕೋಟೇಲಿರದೆ ಇನ್ನೆಲ್ಲಿರ್ತಾರೆ? ಪ್ರಮೋಷನ್, ಅಕ್ಕ."

"ಅಂಗಡಿ ಶೆಟ್ಟರೆಲ್ಲಿ?"

"ಸಂತೇಲಿ. ಉಣ್ಣೆ ಮಾರ್ತಿದಾರೆ."

ಇದನ್ನೂ ನೋಡಲು ನಾನು ಬದುಕಿರಬೇಕಾಯಿತು.

ಸಂಜೆ ಮುದುಕರು ಕೋಲೂರಿಕೊಂಡು ಬಂದರು. ನನ್ನ ತಮ್ಮ ಹೊಳೆಯಿಂದ ಹಿಡಿದು ಮಠದ ಸನ್ಯಾಸಿಗಳವರೆಗೆ ಅರ್ಧ ಗಂಟೆ ವಿವರಿಸಿದ. ಅವರು ಸೇತುವೆಯನ್ನೇ ನೋಡುತ್ತಿದ್ದರು. ಕೊನೆಗೆ ಅದರ ಎಡಬದಿಗೆ ಬೆರಳಿಟ್ಟು, ತಮ್ಮ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು: ಸಂತೆಯ ದಿನ ತಾಯಿ ಮೊಟ್ಟೆಯ ಬುಟ್ಟಿಯೊಂದಿಗೆ ಇಲ್ಲೇ ನಿಲ್ಲುತ್ತಿದ್ದಳು. ಎಲ್ಲವೂ ಸೊಗಸಾಗಿದೆ, ಆದರೆ ಇದು ತಮ್ಮೂರೆಂದು ಅನ್ನಿಸುತ್ತಿಲ್ಲ.

ತಮ್ಮನ ಮುಖ ಬಾಡಿತು. ಅವನ ಅಷ್ಟೂ ಚರಿತ್ರೆಯಲ್ಲಿ ಮೊಟ್ಟೆಗೆ ಜಾಗವಿರಲಿಲ್ಲ. ನನ್ನತ್ತ ನೋಡಿದ, ಗೊಂಬೆಗಳ ಮುಂದೆ ಆ ಮಾತೆತ್ತುವ ಧೈರ್ಯ ಅವನಿಗೂ ಇಲ್ಲ. ಮೊಟ್ಟೆ ಹಾಕಿದ ಕೇಕ್ ತಂದವರನ್ನು ನಾನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಿದವಳು.

ನಾನು ಅಡುಗೆಮನೆಗೆ ಹೋಗಿ ಒಂದು ಹಿಡಿ ಸಬ್ಬಕ್ಕಿ ತಂದೆ. ಆಟದ ಪುಟ್ಟ ಬುಟ್ಟಿಗೆ ಅದನ್ನು ತುಂಬಿ, ಹೆಣ್ಣುಗೊಂಬೆಯೊಂದರ ಜೊತೆ ಸೇತುವೆಯ ಎಡಕ್ಕೆ ಇಟ್ಟೆ. ಮುದುಕರು ಬಗ್ಗಿ ನೋಡಿದರು. ಬುಟ್ಟಿ ಅವಳ ಕಾಲಿಗೆ ಇನ್ನಷ್ಟು ಹತ್ತಿರವಿರಬೇಕೆಂದರು. ಸರಿಸಿದೆ. ಅವರು ಕುರ್ಚಿ ಎಳೆದುಕೊಂಡು ಅದರೆದುರಿಗೆ ಕುಳಿತರು.

ಆರತಿಯ ಹೊತ್ತು ಮೀರುತ್ತಿತ್ತು. ಅಕ್ಕ ತಮ್ಮ ಇಬ್ಬರೂ ಗಂಟೆಯನ್ನು ಮುಟ್ಟಲಿಲ್ಲ.