ಕಂಪ್ಯೂಟರ್ ಖೋಲಿಯೊಳಗ ನಮ್ಮಪ್ಪ

ನಮ್ಮಪ್ಪಗ ಸಂಶಯ ಬರ್ಲಾಕ ಕಾರಣ ಬೇಕಾಗಿದ್ದಿಲ್ಲ, ಕಲಬುರಗಿ ಬಸ್ ಬಂದ್ರ ಸಾಕಿತ್ತು. ನಾ ನಕ್ಕೋತ ಇಳದ್ರ "ಯಾಕ ನಗ್ಲಾಕತ್ತಾಳ?" ಸುಮ್ನ ಇಳದ್ರ "ಏನು ಮುಚ್ಚಿಡ್ಲಾಕತ್ತಾಳ?" ಹಿಂಗಾಗಿ ನಾ ಕಾಲೇಜ್ ಓದಿದ ಮೂರು ವರ್ಷದಾಗ ಇಂಥವು ಒಂದಲ್ಲ ಎರಡಲ್ಲ, ವಾರಕ್ಕೊಂದು ನಡೀತಿದ್ವು.

ಅಪ್ಪ ಕಮಲಾಪುರದಾಗ ಟೇಲರ್. ನಮ್ಮ ಕ್ರಿಸ್ತಾನರ ಪ್ರಾರ್ಥನಾ ಮಂದಿರದ ಹಿರಿಯನೂ ಅವನೇ. ದಸರಾಕ್ಕ ಬಜಾರದಾಗಿನ ಟೇಲರ್ ಮಂದಿ ಎಲ್ಲಾ ಮಷೀನಿಗಿ ಕುಂಕುಮ ಹಚ್ಚಿ ಕಾಯಿ ಒಡದ್ರ, ಅಪ್ಪ ತನ್ನದಕ್ಕ ಎರಡು ಹನಿ ಎಣ್ಣಿ ಬಿಟ್ಟು, "ಮಷೀನಿಗಿ ಎಣ್ಣಿ ಬೇಕು, ಪೂಜಿ ಅಲ್ಲ" ಅಂತಿದ್ದ.

ನನಗ ಕಲಬುರಗಿಯೊಳಗ ಕಂಪ್ಯೂಟರ್ ಡಿಪ್ಲೊಮಾಕ್ಕ ಸೀಟ್ ಸಿಕ್ತು. ಅದೇ ವಾರ ನಮ್ಮ ಮಂದಿರದಾಗ ಪ್ರಸಂಗ ಮಾಡ್ಲಾಕ ಬಂದಿದ್ದ ಪಾಸ್ಟರ್ ಒಬ್ರು, ಕಂಪ್ಯೂಟರ್ ಅಂದ್ರ ಲೋಕ ಮುಗಿಯೋ ಕಡೀ ಕಾಲದ ಯಂತ್ರ ಅಂತ ಹೇಳಿ ಹೋಗಿದ್ರು. ಅಪ್ಪ ಬ್ಯಾಡಂದ. ಅವ್ವ ಮೂರು ದಿನ ಅವನ ಜೋಡಿ ಮಾತು ಬಿಟ್ಳು. ನಾಕನೇ ದಿನ ಅಪ್ಪ ಒಂದು ಷರತ್ತು ಹಾಕಿದ: "ಹೋಗು. ಖರೆ ಕರ್ತನ ಮ್ಯಾಲಿನ ನಿನ್ನ ವಿಶ್ವಾಸದಾಗ ಜರಾ ಹೆಚ್ಚುಕಡಿಮಿ ಕಂಡ್ರ ಅವತ್ತೇ ಸಾಮಾನ ಕಟ್ಟು. ಮನಿಗಿ ಬಂದು ಕಾಜಾ ಮಾಡಿ ಗುಂಡಿ ಹಚ್ಚು."

ಗುಂಡಿ ಹಚ್ಚೋದಂದ್ರ ನನಗ ಜೀವಾ ಹೋದಂಗ ಆಗ್ತಿತ್ತು. ಅದಕ್ಕ ನಾನೂ ಹುಷಾರಿದ್ದೆ. ಬಸ್ ಕಂಡಕ್ಟರ್, ಕೆಂಪು ಬಾಳಿಹಣ್ಣು ಮಾರೋ ಮುದುಕಿ, ಎಲ್ಲಾರೂ ಅಪ್ಪನ ಬೇಹುಗಾರರೇ ಅಂತ ನನಗೂ ಸಂಶಯ.

೧. ಆಯಿತವಾರದ ಫೋನ್

ಪ್ರತಿ ಆಯಿತವಾರ ಮಧ್ಯಾಹ್ನ ಅಪ್ಪ ಎಸ್‌ಟಿಡಿ ಬೂತಿನಿಂದ ಹಾಸ್ಟೆಲಿಗಿ ಫೋನ್ ಹಚ್ತಿದ್ದ. ಊಟಾ ಆತೇನವಾ ಅಂತ ಕೇಳ್ತಿದ್ದಿಲ್ಲ. "ಇವತ್ತ ಚರ್ಚಿನ್ಯಾಗ ಪಾಸ್ಟರ್ ಏನು ಹೇಳಿದ್ರು?" ಅಂತ ನೇರ ಪರೀಕ್ಷಾನೇ.

ಒಂದು ಆಯಿತವಾರ ಮುಂಜಾನಿ ಕಾಲೇಜಿನ್ಯಾಗ ಪ್ರಾಕ್ಟಿಕಲ್ ಇಟ್ರು. ಚರ್ಚ್ ತಪ್ಪತದ, ಮಧ್ಯಾಹ್ನ ಫೋನ್ ಬರ್ತದ, ನನ್ನ ಕತಿ ಮುಗೀತದ ಅಂತ ಅಳ್ಕೋತ ಕುಂತೆ. ನನ್ನ ರೂಮಿನಾಕಿ ಲಿಂಗಾಯತರ ಹುಡುಗಿ, ಕೊಳ್ಳಾಗ ಲಿಂಗ ಕಟ್ಟಿದಾಕಿ. "ಅಷ್ಟಕ್ಕ ಅಳ್ತಿಯೇನ? ನಾ ಹೋಗಿ ಕೇಳಿ ಬರ್ತೀನಿ ತಗೋ. ಹಾರ್ಮೋನಿಯಂ ಛಂದ ಬಾರಿಸ್ತಾರಂತಲ್ಲ" ಅಂದ್ಳು. ಹೋಗಿ ಮುಂದಿನ ಬೆಂಚಿನ್ಯಾಗ ಕುಂತು, ಪಾಸ್ಟರ್ ಕೆಮ್ಮಿದ್ದೊಂದು ಬಿಟ್ಟು ಎಲ್ಲಾ ನೋಟ್‌ಬುಕ್ಕಿನ್ಯಾಗ ಬರಕೊಂಡು ಬಂದ್ಳು.

ಫೋನ್ ಬಂತು. ನಾ ಓದಿ ಹೇಳ್ದೆ.

"ಬರೋಬ್ಬರಿ ಹೇಳ್ದಿ" ಅಂದ ಅಪ್ಪ. "ಆದ್ರ ಹುಟ್ಟಿದಾಗಿಂದ ನೀ ಇಷ್ಟು ಲಕ್ಷ್ಯ ಕೊಟ್ಟು ಕೇಳಿದಾಕಿ ಅಲ್ಲ. ಯಾರನ್ನ ಕಳಿಸಿದ್ದಿ?"

ಖರೆ ಹೇಳಿಬಿಟ್ಟೆ. ಅಪ್ಪ ಇಚಾರ ಮಾಡಿ ಅಂದ: "ಮುಂದಿನ ಆಯಿತವಾರನೂ ಆ ಹುಡುಗಿಗಿ ಕಳಸು. ನೀನೂ ಹೋಗು. ಹೆಂಗ ಕೇಳಬೇಕಂತ ಆಕಿನ್ನ ನೋಡಿ ಕಲಿ."

೨. ಹಾಲ್ ಟಿಕೆಟ್

ಪರೀಕ್ಷಾದ ಹಾಲ್ ಟಿಕೆಟ್ ಬಂತು. ನನ್ನ ನಂಬರಿನ ಕಡಿಗಿ ಸಾಲಾಗಿ ಮೂರು ಆರು. ನಮ್ಮ ಮಂದಿಯೊಳಗ ಅದು ಸೈತಾನನ ಅಂಕಿ. ಅಪ್ಪ ಚಶ್ಮಾ ಏರಿಸಿ ನೋಡಿದವನೇ ಹಾಲ್ ಟಿಕೆಟ್ ಕೈಬಿಟ್ಟ. "ಬದಲಿ ಮಾಡಿಸ್ಕೊಂಡು ಬಾ!"

ಆಫೀಸಿನ ಕ್ಲರ್ಕಿಗಿ ಕೇಳಿದ್ರ ಅವನದು ಬ್ಯಾರೇ ಸಂಶಯ. "ನಂಬರ್ ಬದಲಿ ಆಗಬೇಕಾ? ಯಾರ ಹಿಂದ ಕುಂಡ್ರೋ ವಿಚಾರ ಅದ?" ಅಂತ ಬೈದು ಕಳಿಸಿದ. ಕಡಿಗಿ ಅಪ್ಪನೇ ಪೆನ್ ತಗೊಂಡು, ಆ ಮೂರು ಆರರ ಮುಂದ ಸಣ್ಣದೊಂದು ಶಿಲುಬಿ ಬರದು ಪ್ರಾರ್ಥನಿ ಮಾಡಿ ಕೊಟ್ಟ.

ಮ್ಯಾಥ್ಸ್ ಪೇಪರ್ ದಿನ ಸೂಪರ್‌ವೈಸರ್ ಹಾಲ್ ಟಿಕೆಟ್ ಎತ್ತಿ ಬೆಳಕಿಗಿ ಹಿಡದ್ರು. "ಆರುನೂರಾ ಅರವತ್ತಾರು ಪ್ಲಸ್... ಪ್ಲಸ್ ಎಷ್ಟವಾ? ಮುಂದಿಂದು ಎಲ್ಲಿ ಬರಕೊಂಡೀದಿ?" ಕಂಪಾಸ್ ಡಬ್ಬಿ ಝಾಡಿಸಿದ್ರು, ಊಟದ ಡಬ್ಬಿ ತೆಗಿಸಿದ್ರು, ಬಾಳಿಹಣ್ಣು ಸೈತ ಹೊಳ್ಳಿಸಿ ನೋಡಿದ್ರು.

"ಸರ್, ಅದು ಲೆಕ್ಕ ಅಲ್ರೀ, ಶಿಲುಬಿ ರೀ. ಸೈತಾನ ಬರಬಾರದಂತ ನಮ್ಮಪ್ಪ ಹಾಕ್ಯಾನ್ರೀ" ಅಂದೆ.

ಅವರು ಹಾಲ್ ಟಿಕೆಟ್ ವಾಪಸ್ ಕೊಟ್ರು. "ಈ ಹಾಲಿಗಿ ನಾ ಒಬ್ಬ ಅದೀನಲ್ಲ, ಮತ್ತೊಬ್ಬ ಬರಂಗಿಲ್ಲ. ಬರಿ."

೩. ಚಪ್ಪಲಿ ಹೊರಗ

ಕಡೀ ವರ್ಷ, ದಸರಾ ಮುಗದ ಮರುದಿನ. ಕ್ರಿಸ್ಮಸ್ ಹಾಡಿನ ಹಾಳಿ ಅಚ್ಚು ಹಾಕಸ್ಲಾಕ ಅಪ್ಪ ಕಲಬುರಗಿಗಿ ಬಂದಿದ್ದ. ಪ್ರೆಸ್ಸಿನವ ಹಬ್ಬದಿಂದ ಇನ್ನಾ ಬಂದಿದ್ದಿಲ್ಲ. ಬಂದದ್ದಕ್ಕ ಮಗಳನ್ನೂ ನೋಡಮು ಅಂತ, ಹೇಳದೆ ಕೇಳದೆ ನಮ್ಮ ಕಂಪ್ಯೂಟರ್ ಖೋಲಿ ಬಾಗಲಿಗಿ ಬಂದು ನಿಂತ.

ನೋಡ್ತಾನ, ಹೊರಗ ಸಾಲಾಗಿ ಚಪ್ಪಲಿ. ಒಳಗ ತಂಪನ್ನ ಗಾಳಿ, ಪರದಾ, ಗಪ್‌ಚಿಪ್ ಕುಂತ ಹುಡುಗ್ರು. ಎಲ್ಲಾ ಕಂಪ್ಯೂಟರಿಗೂ ಚೆಂಡುಹೂವಿನ ಮಾಲಿ. ಮೇಜಿನ ಅಂಚಿಗಿ ಕೈಬೆರಳಷ್ಟು ದಪ್ಪ ಕುಂಕುಮ. ಆಯುಧ ಪೂಜಾದ್ದು ಯಾರೂ ಒರಿಸಿದ್ದಿಲ್ಲ. ಬರಿಗಾಲಲೇ ನಿಂತ ನನ್ನ ಮ್ಯಾಲ ಅವನ ಕಣ್ಣು ಬಿತ್ತು.

"ಸಾಮಾನ ಕಟ್ಟು" ಅಂದ.

ವಿಭೂತಿ ಹಚ್ಚಿದ್ದ ನಮ್ಮ ಸರ್ ಓಡಿ ಬಂದ್ರು. "ಯಜಮಾನ್ರ, ಧೂಳು ಬರಬಾರದಂತ ಚಪ್ಪಲಿ ಬಿಡಸ್ತೀವ್ರಿ, ಅಷ್ಟೇ."

"ಕುಂಕುಮ ಯಾವ ಧೂಳಿಗಿ ಹಚ್ಚೀರಿ?" ಅಂದ ಅಪ್ಪ.

ನನಗ ಕಣ್ಣೀರು ಬಂತು. ಎಂಟು ತಿಂಗಳು ಹೋಗಿದ್ರ ಡಿಪ್ಲೊಮಾ ಮುಗೀತಿತ್ತು. ಆಗ ಸರೇ ಅಪ್ಪನ ಕೈಯಾಗಿನ ಹಾಡಿನ ವಹಿ ನೋಡಿ, "ಅಚ್ಚು ಆಗಬೇಕೇನ್ರಿ? ಮಗಳು ಇಲ್ಲೇ ಟೈಪ್ ಹೊಡದು ಕೊಡ್ತಾಳ, ಕುಂಡ್ರಿ" ಅಂದ್ರು. ಫುಕಟ್, ಒಂದು ಪೈಸಾನೂ ಬ್ಯಾಡ ಅಂದ್ರು ನೋಡ್ರಿ, ಅಪ್ಪ ಚಪ್ಪಲಿ ಬಿಟ್ಟ.

ಮೂರು ತಾಸು ಅವ ಹೇಳ್ದ, ನಾ ಹೊಡದೆ. ಒಂದು ಅಕ್ಷರ ತಪ್ಪಿ ಅಳಿಸಿದೆ, ಗುರ್ತೇ ಉಳೀಲಿಲ್ಲ. ಅಪ್ಪ ಮುಂದ ಬಗ್ಗಿದ. "ಹೊಲಿಗಿ ಬಿಚ್ಚಿದ್ರ ಸೂಜಿ ತೂತಾದ್ರೂ ಉಳೀತದ. ಇಲ್ಲಿ ಅದೂ ಇಲ್ಲಲ್ಲಬೇ!" ಅಂದ. ಹನ್ನೆರಡನೇ ಹಾಡಿಗಿ ಬರೂದ್ರಾಗ ತಾನೇ ಕುರ್ಚಿ ಎಳಕೊಂಡು ನನ್ನ ಬಾಜೂಕ ಕುಂತಿದ್ದ.

ಆವಾಗ ಕರೆಂಟ್ ಹೋತು.

ಕರೆಂಟ್ ಹೋದ್ರೂ ಕಂಪ್ಯೂಟರ್ ನಡಸೋ ಬ್ಯಾಟರಿ ಡಬ್ಬಿ ಕುಂಯ್ ಕುಂಯ್ ಅಂತ ಒದರ್ಲಾಕತ್ತಿತು. "ಐದೇ ನಿಮಿಷ ಅವಾ, ಸೇವ್ ಮಾಡು!" ಅಂತ ಸರ್ ಚೀರಿದ್ರು. ಗಾಬರ್ಯಾಗ ನಾ ಏನು ಒತ್ತಿದೆನೋ, ಕಂಪ್ಯೂಟರ್ ನಿಂತಲ್ಲೇ ನಿಂತ್ಬಿಡ್ತು. ನಾ ಒಂದೂ ಸೇವ್ ಮಾಡಿದ್ದಿಲ್ಲ.

"ಹನ್ನೆರಡೂ ಹೋಗ್ತಾವೇನು?" ಅಂದ ಅಪ್ಪ. ನಾ ಹೌದಂದೆ.

ಅಪ್ಪ ದಡಕ್ಕನ ಮಣಕಾಲೂರಿದ. ಕೈ ಮುಗದು, ಹಣಿ ಮೇಜಿಗಿ ಹಚ್ಚಿ, "ಕರ್ತನೇ, ಇದನ್ನ ಎಬ್ಬಿಸು!" ಅಂತ ಜೋರಲೇ ಪ್ರಾರ್ಥನಿ ಸುರು ಮಾಡಿದ. ಹುಡುಗ್ರೆಲ್ಲಾ ಎದ್ದು ನಿಂತ್ರು. ಕರೆಂಟ್ ಬಂತು. ಕಂಪ್ಯೂಟರ್ ಮತ್ತ ನಡೀಲಾಕತ್ತಿತು. ನಾ ಸೇವ್ ಮಾಡ್ದೆ. ಅಪ್ಪ ಕಣ್ಣು ತೆರದ, ಆದ್ರ ಹನ್ನೆರಡೂ ಹಾಡು ಅಚ್ಚಾಗಿ ಕೈಗಿ ಬರೂ ತನಕ ಆಮೆನ್ ಅನ್ನಲಿಲ್ಲ.

ಹೋಗೂ ಮುಂದ ಸಾಮಾನದ ಸುದ್ದಿ ತೆಗೀಲಿಲ್ಲ. ಸರ್‌ಗ ಎರಡು ಸಲ ಶರಣು ಅಂದ. ಸರ್ ಅವನ ಮುಖ ನೋಡಿ ಏನೋ ಹೇಳ್ಲಾಕ ಬಂದು ಸುಮ್ನಾದ್ರು. ನನಗೂ ಹೇಳ್ಲಾಕ ಧೈರ್ಯ ಆಗಲಿಲ್ಲ.

ಮುಂದಿಂದು ಆಯಿತವಾರ ಫೋನಿನ್ಯಾಗ ಗೊತ್ತಾತು. ಆ ಸಲ ಅಪ್ಪ ಅಲ್ಲ, ಅವ್ವ ಹಚ್ಚಿದ್ಳು. ಅವತ್ತ ಸಂಜಿಗಿ ಅಪ್ಪ ಬಸ್ ಇಳದು, ಇಡೀ ಬಜಾರ ದಾಟಿ, ಎಲ್ಲಾ ಟೇಲರ್ ಮಂದಿ ಮುಂದ ಹಾದು ಮನಿಗಿ ಬಂದ್ನಂತ. ಹಣಿ ತುಂಬ ಕುಂಕುಮ, ಹುಬ್ಬಿಗೊಂದು ಚೆಂಡುಹೂವಿನ ಎಸಳು.

ಬಾಗಲಾಗ ನಿಂತು ಅವ್ವ ಅವನನ್ನ ಮ್ಯಾಲಿಂದ ಕೆಳಗ ನೋಡಿ ಒಂದೇ ಮಾತು ಕೇಳಿದ್ಳಂತ:

"ಈಗ ಯಾರ ಸಾಮಾನ ಕಟ್ಟಲಿ?"